ನಲವತ್ತಾರು ಸಲ ನೋಡಿದ ಆಕಾಶ

ಫೆಬ್ರವರಿ 11, ಬುಧವಾರ. ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಈ ವಾರಪತ್ರಿಕೆಗೆ ಬರೆಯಲು ಕೂತಿದ್ದೇನೆ. ನಂಜನಗೂಡಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನೀಲಿ ರಟ್ಟಿನ, ಚಿನ್ನದ ಬಣ್ಣದ ಅಕ್ಷರಗಳ ನಾಲ್ಕು ಪುಸ್ತಕಗಳಿವೆ. ನಾಲ್ಕರ ಮೇಲೂ ನನ್ನ ಹೆಸರಿದೆ. ನಾಲ್ಕರೊಳಗೂ ನಾನು ಬರೆಯದ ಒಂದು ವಾಕ್ಯವಿದೆ, ನಾನು ಬರೆದ ಎರಡು ಹಾಳೆ ಇಲ್ಲ. ಕೋಪ ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಎಲ್ಲರ ಪರವಾಗಿಯೂ ಒಂದೊಂದು ಕಾರಣ ಹುಡುಕಿಕೊಟ್ಟುಬಿಡುತ್ತೇನೆ, ಆ ಕೆಟ್ಟ ಅಭ್ಯಾಸ ನನಗಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ. ಅಪ್ಪನಿಗೆ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇದೆ. ಎಂಟನೇ ತರಗತಿಯಿಂದ ಡೈರಿ ಇಡುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ರೈಲು ಎಷ್ಟು ನಿಮಿಷ ತಡ, ಕರೆಂಟು ಎಷ್ಟು ಸಲ ಹೋಯಿತು, ಒಂದು ಪಾಠವನ್ನು ಎಷ್ಟನೇ ಓದಿಗೆ ಅರ್ಥ ಮಾಡಿಕೊಂಡೆ, ಇಂಥವೇ ಹೆಚ್ಚು. ಅಮ್ಮ ಇದನ್ನು ಕಾಯಿಲೆ ಅನ್ನುತ್ತಾಳೆ.

ನನ್ನ ಪ್ರಾಜೆಕ್ಟಿನ ವಿಷಯ ನ್ಯೂಟ್ರಿನೊ. ಬಹಳ ಹಗುರವಾದ, ವಿದ್ಯುದಂಶವಿಲ್ಲದ ಕಣ ಅದು. ಗೋಡೆ, ಬೆಟ್ಟ, ಇಡೀ ಭೂಮಿಯನ್ನೇ ಅಡ್ಡ ಇಟ್ಟರೂ ಸಾಮಾನ್ಯವಾಗಿ ತೂರಿಕೊಂಡು ಹೋಗುತ್ತದೆ. ಸೂರ್ಯನಿಂದ ಬರುವ ನ್ಯೂಟ್ರಿನೊಗಳು ಬೇಕಾದಷ್ಟಿವೆ. ನಾನು ಹುಡುಕಿದ್ದು ಅವಕ್ಕಿಂತ ಕೋಟಿಗಟ್ಟಲೆ ಪಟ್ಟು ಹೆಚ್ಚು ಶಕ್ತಿಯ, ಬಹಳ ಅಪರೂಪದ ನ್ಯೂಟ್ರಿನೊಗಳನ್ನು. ಅವು ಎಲ್ಲಿಂದ ಬರುತ್ತವೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ. ಕೆಲವು ದೂರದ ಗೆಲಾಕ್ಸಿಗಳ ನಡುವೆ ಭಾರಿ ಕಪ್ಪುಕುಳಿ ಇರುತ್ತದೆ, ಅದರೊಳಕ್ಕೆ ಸುತ್ತಿಕೊಂಡು ಬೀಳುವ ಅನಿಲ ಕಾದು ಉರಿಯುತ್ತದೆ. ಇವುಗಳಿಗೆ ಸಕ್ರಿಯ ಗೆಲಾಕ್ಸಿ ಎನ್ನುತ್ತಾರೆ. ಅಲ್ಲಿಂದಲೇ ಬರುತ್ತಿರಬಹುದು ಎಂಬುದು ಒಂದು ಊಹೆ. ದೊಡ್ಡ ತಂಡಗಳು ಒಂದೆರಡು ಗೆಲಾಕ್ಸಿಗಳ ಬಗ್ಗೆ ಬಲವಾದ ಸುಳಿವನ್ನೂ ಕಂಡಿವೆ.

ದಕ್ಷಿಣ ಧ್ರುವದ ಮಂಜುಗಡ್ಡೆಯ ಆಳಕ್ಕೆ ಬೆಳಕು ಹಿಡಿಯುವ ಸಾವಿರಾರು ಗಾಜಿನ ಗುಂಡುಗಳನ್ನು ಇಳಿಬಿಟ್ಟಿದ್ದಾರೆ. ಅಪರೂಪಕ್ಕೆ ಒಂದು ನ್ಯೂಟ್ರಿನೊ ಆ ಮಂಜಿಗೆ ಡಿಕ್ಕಿ ಹೊಡೆದರೆ ಮಸುಕಾದ ನೀಲಿ ಬೆಳಕು ಹೊಮ್ಮುತ್ತದೆ. ಬೆಳಕು ಹೋದ ದಾರಿಯಿಂದ ಕಣ ಆಕಾಶದ ಯಾವ ಕಡೆಯಿಂದ ಬಂತೆಂದು ಅಂದಾಜು ಮಾಡುತ್ತಾರೆ. ಒಂದು ಚುಕ್ಕೆಯನ್ನು ತೋರಿಸುವಷ್ಟು ಖಚಿತವಾಗಿ ಅಲ್ಲ, ಒಂದು ವೃತ್ತ ಎಳೆದು ಇದರೊಳಗೆ ಎಲ್ಲೋ ಅನ್ನುವಷ್ಟು. ಈ ಪಟ್ಟಿಗಳು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ಸಕ್ರಿಯ ಗೆಲಾಕ್ಸಿಗಳ ಪಟ್ಟಿಗಳೂ ಸಿಗುತ್ತವೆ. ಎರಡನ್ನೂ ಒಂದರ ಮೇಲೊಂದು ಇಟ್ಟು, ವೃತ್ತಗಳೊಳಗೆ ಬೀಳುವ ಗೆಲಾಕ್ಸಿಗಳು ಬರಿಯ ಆಕಸ್ಮಿಕಕ್ಕಿಂತ ಹೆಚ್ಚಿವೆಯೇ ಎಂದು ನೋಡುವುದು ನನ್ನ ಕೆಲಸ. ಇದಕ್ಕೆ ಬೇಕಾದದ್ದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಬೆಳಗಿನ ಐದೂವರೆಯಿಂದ ಏಳೂವರೆವರೆಗಿನ ಸಮಯ. ಎರಡೂ ನನ್ನ ಹತ್ತಿರ ಇದ್ದವು.

ಸೆಪ್ಟೆಂಬರ್ 18ರಂದು ನೋಟ್‌ಬುಕ್ಕಿನಲ್ಲಿ ಯೋಜನೆ ಬರೆದೆ. ಯಾವ ಪಟ್ಟಿ, ಎಷ್ಟು ದೊಡ್ಡ ವೃತ್ತ, ಎಷ್ಟು ಪ್ರಖರವಾದ ಗೆಲಾಕ್ಸಿಗಳು. ಈ ಕೆಲಸದಲ್ಲಿ ಅದು ಮೊದಲ ನಿಯಮ: ಉತ್ತರ ನೋಡುವ ಮುಂಚೆ ಪ್ರಶ್ನೆ ಬರೆದಿಡಬೇಕು, ನೋಡಿದ ಮೇಲೆ ತಿದ್ದಬಾರದು. ಅಕ್ಟೋಬರ್ 4ರಂದು ನೋಡಿದೆ. ಏನೂ ಇರಲಿಲ್ಲ. ನಮ್ಮ ಗೈಡಿಗೆ ಹೇಳಿದೆ.

ಗೈಡು ತಿ. ನರಸೀಪುರದವರು. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದಾರೆ, ಚೆನ್ನಾಗಿಯೇ ಮಾಡುತ್ತಾರೆ. ಕಷ್ಟದ ವಿಷಯ ಬೇಡ, ಸುಲಭದ್ದು ತಗೋ ಎಂದು ಬೇರೆಯವರೆಲ್ಲ ಹೇಳಿದಾಗ ನನಗೆ ಈ ವಿಷಯ ಕೊಡಿಸಿದವರು ಅವರೇ. ಅದನ್ನೂ ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

"ಏನೂ ಇಲ್ಲ ಅಂತ ಬರೆದ್ರೆ ಯಾರಮ್ಮ ಓದ್ತಾರೆ?" ಅಂದರು. "ವೃತ್ತ ಸ್ವಲ್ಪ ದೊಡ್ಡದು ಮಾಡಿ ನೋಡು."

ದೊಡ್ಡದು ಮಾಡಿದೆ. ಆಮೇಲೆ ಚಿಕ್ಕದು ಮಾಡಿದೆ. ಪಟ್ಟಿ ಬದಲಾಯಿಸಿದೆ. ಮಸುಕಾದ ಗೆಲಾಕ್ಸಿಗಳನ್ನು ಬಿಟ್ಟೆ, ಮತ್ತೆ ಸೇರಿಸಿಕೊಂಡೆ. ಒಂದು ಸಲವೂ ಬೇಡ ಸಾರ್ ಅನ್ನಲಿಲ್ಲ. ಅದು ನನ್ನ ತಪ್ಪು, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ: ತಾರೀಖು, ಗಂಟೆ, ಏನು ಬದಲಾಯಿಸಿದೆ, ಏನು ಬಂತು.

ಡಿಸೆಂಬರ್ 6, ಬೆಳಿಗ್ಗೆ 7 ಗಂಟೆ 10 ನಿಮಿಷ, ಮೂವತ್ತೊಂದನೇ ಸಲ. ಪರದೆಯ ಮೇಲೆ ಬಂದ ಸಂಖ್ಯೆಯ ಅರ್ಥ ಇಷ್ಟು: ಇಂಥ ಹೊಂದಾಣಿಕೆ ಆಕಸ್ಮಿಕವಾಗಿ ನಲವತ್ತರಲ್ಲಿ ಒಂದು ಸಲ ಮಾತ್ರ ಬರುತ್ತದೆ. ಕುರ್ಚಿಯಿಂದ ಎದ್ದು ಅಡಿಗೆಮನೆಗೆ ಓಡಿದೆ. ಅಮ್ಮನ ಕೈಯಲ್ಲಿದ್ದ ಲಟ್ಟಣಿಗೆ ಕೆಳಗೆ ಬಿತ್ತು. ಗೈಡಿಗೆ ಫೋನ್ ಮಾಡಿ "ಸಾರ್, ಸಿಕ್ತು" ಅಂದೆ. ಇದು ನನ್ನ ಎರಡನೇ ತಪ್ಪು. ಆ ಖುಷಿ ಇಪ್ಪತ್ತಾರು ಗಂಟೆ ಇತ್ತು.

ಮಾರನೇ ದಿನ ನೋಟ್‌ಬುಕ್ ತೆರೆದು ಸಾಲುಗಳನ್ನು ಎಣಿಸಿದೆ. ನಲವತ್ತರಲ್ಲಿ ಒಂದು ಬರುವಂಥದ್ದನ್ನು ಮೂವತ್ತೊಂದು ಸಲ ಹುಡುಕಿದರೆ ಒಂದು ಸಿಕ್ಕರೆ ಅದರಲ್ಲಿ ಆಶ್ಚರ್ಯವೇನಿದೆ? ಗೈಡು ಅಷ್ಟಕ್ಕೇ ನಿಲ್ಲಿಸಲಿಲ್ಲ. ನಲವತ್ತು ಸಾಲದು, ನೂರರಲ್ಲಿ ಒಂದು ಬರುತ್ತಾ ನೋಡು ಅಂದರು. ಇನ್ನೂ ಹದಿನೈದು ಸಲ ನೋಡಿದೆ. ಬರಲಿಲ್ಲ. ಜನವರಿ 10ಕ್ಕೆ ಒಟ್ಟು ನಲವತ್ತಾರು.

ಆಮೇಲೆ ನಾನೇ ಒಂದು ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಸುಳ್ಳು ಆಕಾಶಗಳನ್ನು ಮಾಡಿದೆ. ಅಂದರೆ, ಗೆಲಾಕ್ಸಿಗಳನ್ನು ಇದ್ದ ಜಾಗದಲ್ಲೇ ಬಿಟ್ಟು, ನ್ಯೂಟ್ರಿನೊಗಳನ್ನು ಮನಬಂದಂತೆ ಪೂರ್ವಕ್ಕೂ ಪಶ್ಚಿಮಕ್ಕೂ ಸರಿಸಿದೆ. ಇಂಥ ಆಕಾಶದಲ್ಲಿ ನಿಜವಾದ ಸಂಬಂಧ ಇರಲು ಸಾಧ್ಯವೇ ಇಲ್ಲ. ಸಾವಿರ ಸುಳ್ಳು ಆಕಾಶ ಮಾಡಿ, ಪ್ರತಿಯೊಂದರಲ್ಲೂ ಅದೇ ನಲವತ್ತಾರು ರೀತಿ ಹುಡುಕಿದೆ. ಲ್ಯಾಪ್‌ಟಾಪು ಐದು ದಿನ ತೆಗೆದುಕೊಂಡಿತು. ಸಾವಿರದಲ್ಲಿ ಆರುನೂರ ಹನ್ನೆರಡು ಸುಳ್ಳು ಆಕಾಶಗಳು ನನ್ನ 'ಸಿಕ್ತು'ಗೆ ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ಹೊಂದಾಣಿಕೆ ಕೊಟ್ಟವು. ಅಲ್ಲಿಗೆ ಮುಗಿಯಿತು. ನನಗೆ ಏನೂ ಸಿಕ್ಕಿರಲಿಲ್ಲ.

ಹಾಗೆಂದೇ ವರದಿ ಬರೆದೆ. ನಲವತ್ತಾರು ಸಾಲಿನ ಕೋಷ್ಟಕ, ಸುಳ್ಳು ಆಕಾಶಗಳ ಚಿತ್ರ, ಎರಡೂ ಸೇರಿ ಎರಡು ಹಾಳೆ, ಮೂರನೇ ಅನುಬಂಧ. ಜನವರಿ 22ರಂದು ಗೈಡಿಗೂ ಕೊಟ್ಟೆ, ನಂಜನಗೂಡು ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೂ ಬೈಂಡಿಂಗ್‌ಗೆ ಕೊಟ್ಟೆ.

ಫೆಬ್ರವರಿ 3, ಸಂಜೆ 5 ಗಂಟೆ 20. ಪುಸ್ತಕ ತರಲು ಹೋದೆ. ಪರಿವಿಡಿಯಲ್ಲಿ ಮೂರು ಅನುಬಂಧ ಇದ್ದವು, ಒಳಗೆ ಎರಡೇ ಇದ್ದವು. ನಾಲ್ಕೂ ಪ್ರತಿ ತಿರುಗಿಸಿದೆ.

"ಎರಡು ಹಾಳೆ ಎಲ್ಲಿ ಅಣ್ಣ?"

"ನಿಮ್ ಸಾರ್ ಬೇರೆ ಪಿಡಿಎಫ್ ಕಳ್ಸಿದ್ರು ಕಣಮ್ಮ. ನೀವ್ ಕೊಟ್ಟಿದ್ದು ಹಳೇದು, ಇದನ್ನ ಹಾಕಿ ಅಂದ್ರು."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಎರಡ್ ಹಾಳೆಗೆ ಹಿಂಗಾಡ್ತೀರಲ್ಲ! ಇಪ್ಪತ್ ವರ್ಷದಿಂದ ಬೈಂಡ್ ಮಾಡ್ತಿದ್ದೀನಿ, ಓದಿ ನೋಡ್ದೆ, ಹಾಳೆ ಕಮ್ಮಿ ಐತೆ ಅಂತ ಒಬ್ರೂ ವಾಪಸ್ ಬಂದಿಲ್ಲ. ನೀವೇ ಫಸ್ಟು. ಅಕ್ಷರ ನೋಡಿ, ಹೆಂಗ್ ಹೊಳೀತಾವೆ!"

ಅಂಗಡಿಯ ಮೆಟ್ಟಿಲ ಮೇಲೇ ಕೂತು ಸಾರಾಂಶ ಓದಿದೆ. ಆಕಸ್ಮಿಕಕ್ಕಿಂತ ಹೆಚ್ಚಿನದೇನೂ ಕಾಣಲಿಲ್ಲ ಎಂದು ನಾನು ಬರೆದ ಕಡೆ, ಸಕ್ರಿಯ ಗೆಲಾಕ್ಸಿಗಳಿಂದ ನ್ಯೂಟ್ರಿನೊ ಬರುತ್ತಿರುವುದಕ್ಕೆ ಮಹತ್ವದ ಸೂಚನೆ ಸಿಕ್ಕಿದೆ ಎಂದಿತ್ತು. ಮೂವತ್ತೊಂದನೇ ಸಲದ ಸಂಖ್ಯೆ ಒಂದೇ ಉಳಿದಿತ್ತು. ಉಳಿದ ನಲವತ್ತೈದು ನಡೆದೇ ಇಲ್ಲವೆಂಬಂತೆ.

ಗೈಡಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಫೆಬ್ರವರಿ 5ರಂದು ಊರ ಪತ್ರಿಕೆಯಲ್ಲಿ ಸುದ್ದಿ ಬಂತು: ದೂರದ ಗೆಲಾಕ್ಸಿಯ ಕಣ ಪತ್ತೆಹಚ್ಚಿದ ನಂಜನಗೂಡಿನ ವಿದ್ಯಾರ್ಥಿನಿ, ಭಾನುವಾರ ತಿ. ನರಸೀಪುರದಲ್ಲಿ ಸನ್ಮಾನ. ಅಪ್ಪ ಹನ್ನೆರಡು ಪ್ರತಿ ತಂದರು. ಎದುರು ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತು ಕರೆದರು.

"ಏನವ್ವಾ, ಆ ಕಣ ಮನೇಲೇ ಮಡಗಿದ್ದೀಯಾ? ಒಂದ್ಸಲ ತೋರ್ಸವ್ವ, ಕನ್ನಡಕ ಹಾಕ್ಕೊಂಡು ಬತ್ತೀನಿ."

ಅಜ್ಜಿಯ ಮೇಲೆ ನನಗೆ ಕೋಪವಿಲ್ಲ. ಅವರಾದರೂ ನೋಡಿ ನಂಬುತ್ತೇನೆ ಅಂದರು.

ಅಪ್ಪನಿಗೆ ಅಂಗಡಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ. ಬೇರಿಂಗ್ ಒರೆಸುತ್ತಾ ಕೇಳಿಸಿಕೊಂಡರು. "ಸುಳ್ಳು ಅಂತ ಈಗ ಹೇಳಿದ್ರೆ ಮರ್ಯಾದೆ ಯಾರದು ಹೋಗುತ್ತೆ? ನಿನ್ನದು ತಾನೆ?" ಅಂದರು. ಈಗ ಹೇಳದಿದ್ದರೆ ಹೋಗುವುದೂ ನನ್ನದೇ ಅಂದೆ. ಗಿರಾಕಿ ಬಂದರು, ಮಾತು ನಿಂತಿತು.

ಫೆಬ್ರವರಿ 7, ಶನಿವಾರ ತಿ. ನರಸೀಪುರದ ಬಸ್ ಹತ್ತಿ ಗೈಡಿನ ಮನೆಗೇ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ಗೈಡು ಶಾಂತವಾಗಿದ್ದರು.

"ಅದು ನಿನ್ನ ಡೈರಿ ಕಣಮ್ಮ, ರಿಪೋರ್ಟ್ ಅಲ್ಲ. ಮೊದಲಿನ ಮೂವತ್ತು ಅಭ್ಯಾಸ. ಕಡೆಯ ಹದಿನೈದು ನಾನು ಹೇಳಿದ್ದಕ್ಕೆ ಮಾಡಿದ್ದು. ಅವನ್ನೆಲ್ಲ ಯಾರು ಹಾಕ್ತಾರೆ?"

"ಮೊದಲನೇ ಸಲವೇ ಸಿಕ್ಕಿದ್ದಿದ್ರೆ ಅದೂ ಅಭ್ಯಾಸ ಆಗ್ತಿತ್ತಾ ಸಾರ್?"

ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಕಂಪ್ಯೂಟರ್ ಲ್ಯಾಬ್ ಕೊಡಿ ಅಂತ ಮೂರು ಸಲ ಬರೆದಿದ್ದೀನಿ. ಮೂರು ಸಲವೂ ಕಾಗದ ಅಲ್ಲೇ ಕೂತಿದೆ. ನಮ್ಮ ಹುಡುಗಿ ಪೇಪರ್‌ನಲ್ಲಿ ಬಂದಳು ಅಂದ್ರೆ ನಾಲ್ಕನೇ ಸಲ ಓದ್ತಾರೆ. ನಿನ್ನ ಹಿಂದೆ ಬರೋ ಮಕ್ಕಳಿಗೆ ಅನುಕೂಲ ಆಗೋದು ನಿಂಗೆ ಬೇಡ್ವಾ?"

ಇದನ್ನು ಕೇಳಿದ ಮೇಲೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ಲ್ಯಾಬ್ ಬೇಕಾಗಿರುವುದು ನಿಜ. ಕಾಗದ ಕೂತಿರುವುದೂ ನಿಜ. ಆದರೆ ನನ್ನ ಹೆಸರಿನ ಕೆಳಗೆ ಸುಳ್ಳು ಇಟ್ಟು, ಅದನ್ನು ತೆಗೆಯಿರಿ ಎಂದ ನಾನೇ ಸ್ವಾರ್ಥಿ ಎನ್ನುವಂತೆ ಮಾತು ತಿರುಗಿಸಿದರಲ್ಲ! ಮೊದಲ ಸಲ ಅವರೆದುರು ದನಿ ಏರಿಸಿದೆ. "ಹಾಳೆ ಸೇರಿಸದೆ ನಾನು ಸೈನ್ ಮಾಡೋಲ್ಲ ಸಾರ್" ಅಂದೆ. "ನಾಳೆ ಕಾರ್ಯಕ್ರಮ ಮುಗೀಲಿ, ಫ್ಲೆಕ್ಸ್ ಹಾಕಿ ಆಗಿದೆ" ಅಂದರು.

ಆ ದಿನ ಅದೇ ಊರಿನಲ್ಲಿರುವ ದೊಡ್ಡಮ್ಮನ ಮನೆಯಲ್ಲಿ ಉಳಿದೆ. ದೊಡ್ಡಮ್ಮ ಎರಡು ಸೀಮೆಹಸು ಸಾಕಿದ್ದಾಳೆ. ಹಸುಗಳಿಗೆ ಹುಲ್ಲು ಹಾಕುತ್ತಾ ಕಥೆಯೆಲ್ಲ ಕೇಳಿದಳು, ಅರ್ಥವಾಗಲಿಲ್ಲ. ಆಗ ನನಗೆ ಅವಳ ಹೂವಿನ ನೆನಪಾಯಿತು. ನಮ್ಮ ಕಡೆ ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಕೇಳುತ್ತಾರೆ: ಬಲಗಡೆ ಹೂ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ದೊಡ್ಡಮ್ಮ ಕೆಂಪು ಹಸುವನ್ನು ಮಾರಲೋ ಬೇಡವೋ ಎಂದು ಕಳೆದ ವರ್ಷ ಹೂ ಕೇಳಿಸಿದ್ದಳು.

"ಎಷ್ಟು ಸಲ ಕೇಳಿಸ್ದೆ ದೊಡ್ಡಮ್ಮ?"

"ನಾಕು ಸಲ."

"ಮೊದಲ ಮೂರು ಸಲ?"

"ಎಡಕ್ಕೇ ಬಿತ್ತು. ಅದು ಗಾಳಿಗೆ ಬಿದ್ದಿದ್ದು ಕಣೇ. ಫ್ಯಾನ್ ಹಾಕಿದ್ರು."

"ನಾಲ್ಕನೇ ಸಲ ಫ್ಯಾನ್ ಇರ್ಲಿಲ್ವಾ?"

ದೊಡ್ಡಮ್ಮ ಹುಲ್ಲಿನ ಕಂತೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ದೇವ್ರಿಗೂ ಲೆಕ್ಕ ಇಡ್ತೀಯೇನೇ? ಓಗು, ಮೊದ್ಲು ಊಟ ಮಾಡೋಗು" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕೂಗಿದಳು: "ನಿಮ್ ಸಾರೂ ಫ್ಯಾನ್ ಮೇಲೇ ಹಾಕಿದ್ರಾ?" ಅಷ್ಟು ದಿನದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಕಾರ್ಯಕ್ರಮಕ್ಕೆ ಹೋಗದೆ ಇದ್ದರೆ ಸಂಕೋಚದ ಹುಡುಗಿ ಅನ್ನುತ್ತಾರೆ, ಸುದ್ದಿ ಹಾಗೇ ಉಳಿಯುತ್ತದೆ. ಹೋದರೆ ಕೈಗೆ ಮೈಕು ಬರುತ್ತದೆ. ಹೀಗೆ ಲೆಕ್ಕ ಹಾಕಿ ಹೋದೆ. ಆ ಎರಡು ಹಾಳೆಗಳನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ.

ಭಾನುವಾರ 11 ಗಂಟೆಗೆ ಶುರುವಾಗಬೇಕಾದದ್ದು 12 ಗಂಟೆ 25ಕ್ಕೆ ಶುರುವಾಯಿತು. ಸನ್ಮಾನಕ್ಕೆ ಏಳು ಜನ ಇದ್ದೆವು, ನಾನು ಆರನೆಯವಳು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಆಮೇಲೆ ಎರಡೇ ನಿಮಿಷ ಮಾತು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು, ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಹಾಳೆ ಬಿಡಿಸಿ ಕೈಯಲ್ಲಿ ಹಿಡಿದು ಹೇಳಿದೆ. "ಪತ್ರಿಕೆಯಲ್ಲಿ ಬಂದದ್ದು ತಪ್ಪು. ನನಗೆ ಯಾವ ಕಣವೂ ಸಿಕ್ಕಿಲ್ಲ. ನಾನು ನಲವತ್ತಾರು ಸಲ ಬೇರೆ ಬೇರೆ ರೀತಿಯಲ್ಲಿ ಹುಡುಕಿದೆ. ಅಷ್ಟು ಸಲ ಹುಡುಕಿದರೆ ಒಂದು ಸಲ ತಾನಾಗಿಯೇ ಹೊಂದಿದಂತೆ ಕಾಣುತ್ತದೆ. ಅದು ಶೋಧನೆ ಅಲ್ಲ."

ಹೇಳಿ ಹಾಳೆ ಮಡಿಸಿದೆ. ಆಮೇಲೆ ಚಪ್ಪಾಳೆ. ಅಂಥ ಚಪ್ಪಾಳೆ ಆ ದಿನ ಬೇರೆ ಯಾರಿಗೂ ಬೀಳಲಿಲ್ಲ. ನಿರೂಪಕರು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಕೇಳಿದ್ರಾ ಬಂಧುಗಳೇ! ನಲವತ್ತೈದು ಸಲ ಸೋತರೂ ಎದೆಗುಂದದೆ ನಲವತ್ತಾರನೇ ಸಲ ಗೆದ್ದ ಹೆಣ್ಣುಮಗಳು! ನಮ್ಮ ಮಕ್ಕಳು ಒಂದು ಪರೀಕ್ಷೆ ಫೇಲಾದ್ರೆ ಊಟ ಬಿಡ್ತಾರೆ. ಇಂಥವರನ್ನ ನೋಡಿ ಕಲೀಬೇಕು!"

ಮತ್ತೆ ಚಪ್ಪಾಳೆ. ಒಬ್ಬ ತಾಯಿ ಮುಂದಿನ ಸಾಲಿನಿಂದ ಎದ್ದು ತನ್ನ ಮಗಳ ತಲೆ ಹಿಡಿದು ನನ್ನ ಕಡೆ ತಿರುಗಿಸಿದರು. ನಾನು "ಗೆಲ್ಲಲಿಲ್ಲ, ಗೆಲ್ಲಲೇ ಇಲ್ಲ" ಎಂದು ಮೈಕಿಲ್ಲದೆ ಹೇಳುತ್ತಿದ್ದೆ. ಹೊಂದಿಕೆ ಕಂಡದ್ದು ನಲವತ್ತಾರನೇ ಸಲ ಅಲ್ಲ, ಮೂವತ್ತೊಂದನೇ ಸಲ. ಅದನ್ನೂ ತಪ್ಪು ಹೇಳಿದರು. ಯಾವ ಲೆಕ್ಕ ನನ್ನ ಸುದ್ದಿಯನ್ನು ಸುಳ್ಳು ಮಾಡಬೇಕಿತ್ತೋ ಅದನ್ನೇ ಹಿಡಿದು ನನಗೆ ಇನ್ನೊಂದು ಹೊಗಳಿಕೆ ಹೊಲಿದುಬಿಟ್ಟರು. ಮೋಸ ಮಾಡುವವರ ಎದುರು ವಾದ ಮಾಡಬಹುದು. ಇಷ್ಟು ಪ್ರೀತಿಯಿಂದ ತಪ್ಪು ತಿಳಿದುಕೊಂಡು ಬೆನ್ನು ತಟ್ಟುವವರ ಎದುರು ಏನು ಮಾಡುವುದು?

ಹೊರಗೆ ಬಂದಾಗ ಗೈಡು ಸ್ಕೂಟರ್ ಹತ್ತಿರ ನಿಂತಿದ್ದರು. "ನೀನು ಹೇಳೋದನ್ನ ಹೇಳ್ದೆ. ಯಾರಾದ್ರೂ ಬೇಜಾರ್ ಮಾಡ್ಕೊಂಡ್ರಾ? ಇನ್ನು ಬಿಟ್ಬಿಡಮ್ಮ" ಅಂದರು. ಹಣ್ಣಿನ ಬುಟ್ಟಿಯನ್ನು ಅವರ ಸ್ಕೂಟರಿನ ಸೀಟಿನ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ಸೋಮವಾರ, ಫೆಬ್ರವರಿ 9. ನನ್ನ ಮೂಲ ವರದಿಯನ್ನು ಎರಡೂ ಹಾಳೆ ಸಮೇತ ಸ್ಪೈರಲ್ ಹಾಕಿಸಿ, ವಿದ್ಯಾರ್ಥಿಯ ಪ್ರಮಾಣಪತ್ರಕ್ಕೆ ಸಹಿ ಮಾಡಿ, ಕಾಲೇಜಿನ ಕಚೇರಿಗೆ ಕೊಡಲು ಹೋದೆ. ಇದರಲ್ಲಿರುವುದೆಲ್ಲ ನನ್ನ ಕೆಲಸ, ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಎಂದು ಆ ಪ್ರಮಾಣಪತ್ರ ಹೇಳುತ್ತದೆ. ಜೊತೆಗೆ ಒಯ್ದಿದ್ದ ನೀಲಿ ಪುಸ್ತಕದಲ್ಲೂ ಅದೇ ಸಾಲು ಇದೆ, ಅದರಲ್ಲಿ ಗೈಡಿನ ಸಹಿ ಪಿಡಿಎಫ್‌ನಲ್ಲೇ ಅಚ್ಚಾಗಿ ಬಂದಿದೆ, ನಾನು ಸಹಿ ಮಾಡಿಲ್ಲ. ಗುಮಾಸ್ತರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ನೀಲಿಗೆ ನಿಮ್ಮ ಸೈನ್ ಇಲ್ಲ, ಸ್ಪೈರಲ್‌ಗೆ ಗೈಡ್ ಸೈನ್ ಇಲ್ಲ. ಎರಡನ್ನೂ ಸೇರಿಸಿ ಹೊಲಿದ್ರೆ ಒಂದು ರಿಪೋರ್ಟ್ ಆಗ್ತಿತ್ತು ನೋಡಿ."

"ಗೈಡ್ ಸಹಿ ಇಲ್ದೆ ತಗೊಳ್ಳೋಕೆ ಆಗಲ್ವಾ ಸಾರ್?"

"ರೂಲ್ ಇದ್ರೆ ತಗೋತೀನಿ. ರೂಲ್ ಎಲ್ಲಿದೆ ಅಂತ ನಂಗೊತ್ತಿಲ್ಲ. ಇಷ್ಟು ವರ್ಷ ಯಾರೂ ಕೇಳಿಲ್ಲ."

ಕೊನೆಯ ದಿನ ಫೆಬ್ರವರಿ 27, ಸಂಜೆ ನಾಲ್ಕು ಗಂಟೆ. ಅಷ್ಟರೊಳಗೆ ಒಂದು ವರದಿ ಒಳಗೆ ಹೋಗದಿದ್ದರೆ ನನಗೆ ಒಂದು ವರ್ಷ ಹೋಗುತ್ತದೆ. ಸಹಿ ಮಾಡಿ ಡಿಗ್ರಿ ತಗೋ, ಆಮೇಲೆ ಜೀವಮಾನವೆಲ್ಲ ಸತ್ಯ ಹೇಳುವೆಯಂತೆ ಎಂದು ಅಪ್ಪ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. ಅಮ್ಮ ಆ ಹನ್ನೆರಡು ಪತ್ರಿಕೆಗಳನ್ನೂ ಟೀವಿ ಮೇಲಿನಿಂದ ಎಲ್ಲೋ ಎತ್ತಿಟ್ಟಿದ್ದಾಳೆ. ನಾನು ಸಹಿ ಮಾಡುವುದಿಲ್ಲ. ಇದನ್ನು ಬರೆಯುತ್ತಾ ಮೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ಮೂರು ಸಲವೂ ಅದೇ ಉತ್ತರ ಬಂತು. ಊರ ಪತ್ರಿಕೆಗೆ ತಿದ್ದುಪಡಿಯ ಪತ್ರವನ್ನೂ ಕಳಿಸಿದ್ದೇನೆ, ಇನ್ನೂ ಹಾಕಿಲ್ಲ.

ಹದಿನಾರು ದಿನ ಉಳಿದಿವೆ. ಗೈಡಿನ ಸಹಿ ಇಲ್ಲದೆ, ಅಥವಾ ಗೈಡಿನ ಭಿನ್ನಾಭಿಪ್ರಾಯದ ಟಿಪ್ಪಣಿಯೊಂದಿಗೆ, ಪ್ರಾಜೆಕ್ಟ್ ವರದಿ ಸಲ್ಲಿಸಿದವರು ಯಾರಾದರೂ ಇದ್ದರೆ, ಯಾವ ನಿಯಮದ ಅಡಿಯಲ್ಲಿ, ಯಾರಿಗೆ ಅರ್ಜಿ ಕೊಟ್ಟಿರಿ ಎಂದು ದಯವಿಟ್ಟು ಈ ವಾರಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಇದೇ ಬಗೆಯ ಪಟ್ಟಿಗಳನ್ನು ಇಟ್ಟುಕೊಂಡು ಸಕ್ರಿಯ ಗೆಲಾಕ್ಸಿಗಳ ನ್ಯೂಟ್ರಿನೊ ಹುಡುಕಿ, ಏನೂ ಸಿಗದೆ ವರದಿಯನ್ನು ಕಪಾಟಿನಲ್ಲಿಟ್ಟ ವಿದ್ಯಾರ್ಥಿಗಳಿದ್ದರೆ ಅವರೂ ಬರೆಯಿರಿ. ಸಿಗಲಿಲ್ಲ ಎಂಬ ವರದಿಗೆ ಯಾವ ಕಾಲೇಜಿನಲ್ಲಾದರೂ ಮಾರ್ಕ್ಸ್ ಕೊಟ್ಟಿದ್ದಾರೆ ಎಂದು ತೋರಿಸಲು ನನಗೆ ಒಂದು ಉದಾಹರಣೆ ಸಾಕು. 25ನೇ ತಾರೀಖಿನೊಳಗೆ ತಲುಪಿದರೆ ಇನ್ನೂ ಒಳ್ಳೆಯದು.